ಬಚ್ಚಲ ನೀರಿಗೂ ಒಂದು ಲೆಕ್ಕ

ಕಳೆದ ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಗುಬ್ಬಿ ತಾಲ್ಲೂಕಿನ ತೆಂಗಿನ ತೋಟವೊಂದರಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ನನ್ನ ಮಗಳು ಹಲ್ಲುಜ್ಜಿ ಬಾಯಿ ಮುಕ್ಕಳಿಸಿದಳು. ಸಿಂಕಿಗೆ ಬಿದ್ದ ನೀರು ಸರಾಗವಾಗಿ ಇಳಿಯಿತು. ಅದರ ಬೆನ್ನಿಗೇ, ಎರಡು ಅಡಿ ಆಚೆಗಿದ್ದ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದಾಯಿತು. ನೋಡನೋಡುತ್ತಲೇ ಕಂದು ನೀರು ಮೇಲೆದ್ದು ಅವಳ ಕಾಲು ತೋಯಿಸಿತು. ಹಿಂದಿನ ರಾತ್ರಿಯ ಸಾರಿನ ಎಣ್ಣೆ, ಸೋಪಿನ ನೊರೆ, ಎರಡು ಕರಿಬೇವಿನ ಎಲೆ ಅದರ ಮೇಲೆ ತೇಲುತ್ತಿದ್ದವು.

ನಾನು ಓಡಿಹೋಗಿ ನೀರಿನ ಮಟ್ಟ ತೋರಿಸುವ ದೀಪ ನೋಡಿದೆ. ಟ್ಯಾಂಕಿನಲ್ಲಿ ಇನ್ನೂ ಅರ್ಧದಷ್ಟು ನೀರಿತ್ತು. ಮೂರು ರಾತ್ರಿ ಇರಬೇಕೆಂದು ಬಂದವರಿಗೆ ಮೊದಲ ರಾತ್ರಿ ಕಳೆಯುವುದರೊಳಗೆ ಹೀಗಾಯಿತಲ್ಲ ಎಂದು ಕೈಕಾಲು ಆಡಲಿಲ್ಲ. ತೋಟದ ಯಜಮಾನರು ನನ್ನ ಹೆಂಡತಿಯ ಚಿಕ್ಕಪ್ಪ. ಅವರು ಗಾಡಿಯ ಕೆಳಗೆ ಬಗ್ಗಿ ನೋಡಿ, "ನೀರು ತುಂಬ್ಸೋದೊಂದೇ ಲೆಕ್ಕ ಹಾಕಿದ್ದೀರಿ ಅಳಿಯಂದ್ರೆ, ಬಳಸಿದ್ದು ಎಲ್ಲಾದ್ರೂ ಹೋಗಬೇಕಲ್ಲ" ಎಂದರು.

ಅವರ ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ನೀರಿನ ಕಷ್ಟ ಕಂಡ ಜಿಲ್ಲೆ ನಮ್ಮದು. ತುಮಕೂರಿನಲ್ಲಿ ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಮೋಟಾರು ಹಾಕಿದವರು, ಸಂಪಿಗೆ ಕೋಲು ಇಳಿಬಿಟ್ಟು ಎಷ್ಟು ಗೇಣು ಉಳಿದಿದೆಯೆಂದು ಅಳೆದವರು ನಾವು. ಬರುವ ನೀರಿನ ಹನಿಹನಿಯೂ ನಮಗೆ ಗೊತ್ತು. ಹೋಗುವ ನೀರನ್ನು ಮಾತ್ರ ತಿರುಗಿ ನೋಡಿದವರಲ್ಲ. ಬಚ್ಚಲ ತೂತಿನಲ್ಲಿ ಇಳಿದ ಮೇಲೆ ಅದು ನಮ್ಮದಲ್ಲ. ಕ್ಯಾರವಾನ್ ಎಂಬ ಮನೆಗಾಡಿಯಲ್ಲಿ ಆ ಸೌಲಭ್ಯವಿಲ್ಲ. ಬಳಸಿದ ಪ್ರತಿ ಚೊಂಬು ನೀರೂ ನಿಮ್ಮ ಹಾಸಿಗೆಯ ಕೆಳಗೇ ಕೂತಿರುತ್ತದೆ.

ಇತ್ತೀಚೆಗೆ ನಮ್ಮ ಕಡೆಯವರಿಗೂ ಈ ಗಾಡಿಗಳ ಮೇಲೆ ಆಸೆ ಹುಟ್ಟಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತವೆ. ಹಳೆಯ ಟೆಂಪೊ ಟ್ರಾವೆಲರ್ ಕೊಂಡು ತಾವೇ ಮನೆಗಾಡಿ ಮಾಡಿಸಿಕೊಳ್ಳುವ ಉತ್ಸಾಹಿಗಳೂ ಇದ್ದಾರೆ. (ಹಾಗೆ ಮಾಡಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬದಲಾವಣೆ ಬರೆಸಿಕೊಳ್ಳಲೇಬೇಕು.) ಹಾಗೆ ನೋಡಿದರೆ ಊರೂರು ತಿರುಗಿ ಬೀಡುಬಿಡುವುದು ಈ ಸೀಮೆಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಾಟಕದವರಿಗೆ 'ಕ್ಯಾಂಪ್' ಎಂಬುದು ದಿನನಿತ್ಯದ ಮಾತಾಗಿತ್ತು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಬರುವ ರೈತರು ಇಂದಿಗೂ ಎತ್ತುಗಳ ಪಕ್ಕದಲ್ಲೇ ಒಲೆ ಹೂಡಿ ದಿನಗಟ್ಟಲೆ ಇರುತ್ತಾರೆ. ಅವರ ನೀರಿನ ಶಿಸ್ತನ್ನು ನಿಂತು ನೋಡಿ. ಎತ್ತಿಗೆ ಮೊದಲು, ಅಡಿಗೆಗೆ ಆಮೇಲೆ, ಮೈಗೆ ಕೊನೆಗೆ.

ಗಾಡಿಯೊಳಗೆ ಮೂರು ಟ್ಯಾಂಕುಗಳಿರುತ್ತವೆ. ಒಂದು ಒಳ್ಳೆಯ ನೀರಿನದು. ಸಿಂಕು, ಸ್ನಾನದ ನೀರು ಹೋಗಿ ಸೇರುವುದು ಎರಡನೆಯದಕ್ಕೆ, ಗ್ರೇ ಟ್ಯಾಂಕ್ ಎನ್ನುತ್ತಾರೆ. ನಾವು ಬಚ್ಚಲ ಟ್ಯಾಂಕ್ ಎಂದರೆ ತಪ್ಪಿಲ್ಲ. ಮೂರನೆಯದು ಕಕ್ಕಸಿನದು, ಬ್ಲ್ಯಾಕ್ ಟ್ಯಾಂಕ್. ನಮ್ಮ ಗಾಡಿಯಲ್ಲಿ ಒಳ್ಳೆಯ ನೀರಿಗೆ 150 ಲೀಟರ್, ಬಚ್ಚಲಿಗೆ 60, ಕಕ್ಕಸಿಗೆ 40 ಲೀಟರ್ ಜಾಗವಿತ್ತು. ನಾವು ನಾಲ್ಕು ಜನ. ಕುಡಿಯಲು, ಅಡಿಗೆಗೆ ಬೇರೆ ಕ್ಯಾನು ಇಟ್ಟುಕೊಂಡಿದ್ದೆವು. ಮೊದಲ ದಿನ ತಲೆಗೆ ಹತ್ತೇ ಲೀಟರಿನಂತೆ ಸ್ನಾನ ಮುಗಿಸಿದೆವು, ಅದೇ 40 ಆಯಿತು. ಪಾತ್ರೆ, ಕೈ, ಮುಖ ಸೇರಿ 20. ಕಕ್ಕಸಿಗೆ 15. ಒಟ್ಟು 75 ಲೀಟರ್ ಖರ್ಚು, ಅರ್ಧ ಟ್ಯಾಂಕ್ ಉಳಿಯಿತು. ಆದರೆ ಬಚ್ಚಲ ಟ್ಯಾಂಕಿಗೆ ಹೋದದ್ದು ಸರಿಯಾಗಿ 60. ಅದು ತುಂಬಿ, ಗಾಡಿಯೊಳಗೆ ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಬಚ್ಚಲ ಜಾಲರಿಯಿಂದ ನೀರು ಮೇಲೆ ಬಂತು. ಮಗಳು ಮುಕ್ಕಳಿಸಿದ್ದು ಕೊನೆಯ ಗುಟುಕು, ಅಷ್ಟೆ.

ಹೀಗಾಗಿ ಬಾಡಿಗೆಗೆ ಗಾಡಿ ತೆಗೆದುಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ನೀರಿನ ಟ್ಯಾಂಕ್ ಎಷ್ಟು ದೊಡ್ಡದು' ಎಂದಲ್ಲ, 'ಬಚ್ಚಲ ಟ್ಯಾಂಕ್ ಎಷ್ಟು ಹಿಡಿಯುತ್ತದೆ' ಎಂದು. ಎಷ್ಟು ದಿನ ನಿಲ್ಲಬಹುದೆಂದು ತೀರ್ಮಾನಿಸುವುದು ಎಲ್ಲಕ್ಕಿಂತ ಮೊದಲು ತುಂಬುವ ಟ್ಯಾಂಕು. ಇನ್ನೊಂದು ಹೋಲಿಕೆ ಹೇಳುತ್ತೇನೆ. ಹಳ್ಳಿಯ ಮನೆಗೆ ನಲ್ಲಿ ಕೊಡುವ ಜಲ ಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಒಳಚರಂಡಿಯಿರುವ ನಗರಗಳಿಗೆ ಇಟ್ಟುಕೊಂಡಿರುವ ಅಳತೆ 135. ನಾವು ಆ ದಿನ ತಲೆಗೆ ಬಳಸಿದ್ದು 19 ಲೀಟರಿನೊಳಗೆ, ಆದರೂ ಟ್ಯಾಂಕ್ ಉಕ್ಕಿತು.

ಉಳಿಸುವ ದಾರಿಗಳನ್ನು ಹೊರದೇಶದ ಪುಸ್ತಕಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಅಡಿಗೆಮನೆಗೆ ಅವು ಹಳೆಯವು. ಮುದ್ದೆ ಮಾಡಿದ ಪಾತ್ರೆಯನ್ನೇ ತೆಗೆದುಕೊಳ್ಳಿ. ತಳದಲ್ಲಿ ಹಿಡಿದ ಸೀಕನ್ನು ಒಣಗಲು ಬಿಟ್ಟರೆ ಉಜ್ಜಿ ತೆಗೆಯಲು ಐದಾರು ಲೀಟರ್ ನೀರು ಬೇಕು. ಬಿಸಿಯಿರುವಾಗಲೇ ಒಂದು ಲೋಟ ನೀರು ಹಾಕಿ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ತಾನೇ ಬಿಡುತ್ತದೆ. ಚಿಕ್ಕಮಾವನ ಮನೆಯಲ್ಲಿ ಈ ಮುಸುರೆ ನೀರು, ಅಕ್ಕಿ ತೊಳೆದ ನೀರು ಎಲ್ಲ ಕಲಗಚ್ಚಿನ ಬಾನಿಗೆ ಹೋಗಿ ಹಸುವಿನ ಹೊಟ್ಟೆ ಸೇರುತ್ತದೆ. ಸೋಪು ಮುಟ್ಟುವುದು ಎರಡನೇ ಸಲದ ತೊಳೆತಕ್ಕೆ ಮಾತ್ರ. ಎರಡನೇ ದಿನ ನಾವೂ ಹಾಗೇ ಮಾಡಿದೆವು. ತಟ್ಟೆಗಳನ್ನು ಮೊದಲು ಬಾಳೆಸೀಳಿನಿಂದ ಒರೆಸಿ, ಮೊದಲ ತೊಳೆತವನ್ನು ಬಾನಿಗೆ ಸುರಿದೆವು. ಪಾತ್ರೆಗೆಂದು ಬಚ್ಚಲ ಟ್ಯಾಂಕಿಗೆ ಇಳಿದ ನೀರು ಐದು ಲೀಟರ್ ದಾಟಲಿಲ್ಲ.

ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ಸೋಪಿಗೆ ಬೇಗ ನೊರೆ ಬಾರದು, ಬರಲೆಂದು ಇನ್ನಷ್ಟು ಉಜ್ಜುತ್ತೇವೆ, ಹಾಗೆ ಹೆಚ್ಚಾದ ಸೋಪನ್ನು ಕಳೆಯಲು ಇನ್ನಷ್ಟು ನೀರು ಹೊಯ್ಯುತ್ತೇವೆ. ಗಾಡಿಯಲ್ಲಿ ಷವರಿನ ಕೆಳಗೆ ನಿಂತರಂತೂ ನಿಮಿಷಕ್ಕೆ ಏಳೆಂಟು ಲೀಟರ್ ಹೋಗುತ್ತದೆ. ಚೊಂಬು, ಸಣ್ಣ ಬಕೆಟ್ಟು, ಸೋಪಿನ ಬದಲು ಕಡಲೆಹಿಟ್ಟು ಅಥವಾ ಸೀಗೆಪುಡಿ. ಆರು ಲೀಟರಿನಲ್ಲಿ ಒಬ್ಬರ ಸ್ನಾನ ಮುಗಿಯುತ್ತದೆ.

ತುಂಬಿದ ಬಚ್ಚಲ ನೀರನ್ನು ಏನು ಮಾಡುವುದು? ವಾಲ್ವ್ ತಿರುಗಿಸಿ ನಿಂತ ಜಾಗದಲ್ಲೇ ಬಿಟ್ಟುಬಿಡುವ ಚಪಲ ದೊಡ್ಡದು. ಕುಣಿಗಲ್ ದೊಡ್ಡಕೆರೆಯ ಏರಿಯ ಪಕ್ಕ, ಮಾರ್ಕೋನಹಳ್ಳಿಯ ಹಿನ್ನೀರಿನ ಅಂಚಿನಲ್ಲಿ, ನಾಲೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದವರಿಗೆ ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟೇ. ಆ ನೀರಿನ ಹಿಂದೆ ಎಷ್ಟು ಜನರ ಬದುಕಿದೆ ಎಂದು ತಿಳಿದುಕೊಳ್ಳಿ. ಹಾಸನ ಜಿಲ್ಲೆಯ ಗೊರೂರಿನಿಂದ ಹೊರಟ ಹೇಮಾವತಿ ನಾಲೆಯಲ್ಲಿ ಹರಿದು, ತಿಪಟೂರು, ಗುಬ್ಬಿ ತಾಲ್ಲೂಕು ದಾಟಿ ತುಮಕೂರಿನ ಬುಗುಡನಹಳ್ಳಿ ಕೆರೆಗೆ ಬಂದು ನಗರದ ಕುಡಿಯುವ ನೀರಾಗುತ್ತದೆ. 2025ರಲ್ಲಿ ಇದೇ ನೀರನ್ನು ಕುಣಿಗಲ್ಲಿನತ್ತ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ಕಾಮಗಾರಿಯ ವಿರುದ್ಧ ಗುಬ್ಬಿಯ ಕಡೆ ರೈತರು ಬೀದಿಗಿಳಿದದ್ದನ್ನು ಕಂಡಿದ್ದೇವೆ. ನಮ್ಮ ಪಾಲಿನ ನೀರು ನಮಗೆ ತಲುಪಲಿ ಎಂದು ಕುಣಿಗಲ್ಲಿನವರು ಅಷ್ಟೇ ನೋವಿನಿಂದ ಕೇಳಿದ್ದನ್ನೂ ಕಂಡಿದ್ದೇವೆ. ಎರಡೂ ಕಡೆ ನನಗೆ ನೆಂಟರಿದ್ದಾರೆ. ಒಂದು ನಾಲೆಯ ನೀರಿಗೆ ಇಷ್ಟು ಜನ ಕಾದು ಕೂತಿರುವ ಸೀಮೆಗೆ ಪ್ರವಾಸಕ್ಕೆಂದು ಬಂದು ಸೋಪಿನ ನೀರು ಬಿಟ್ಟುಹೋಗುವುದು ತಪ್ಪು. ಕಾನೂನಿನ ದೃಷ್ಟಿಯಲ್ಲೂ ತಪ್ಪೇ. 1974ರ ಜಲಮಾಲಿನ್ಯ ತಡೆ ಕಾಯ್ದೆ ಹಳ್ಳಕೊಳ್ಳ, ಬಾವಿಗಳಿಗೆ ಕೊಳಕು ಬಿಡುವುದನ್ನು ನಿಷೇಧಿಸಿದೆ.

ಯಾರದಾದರೂ ತೋಟದಲ್ಲಿದ್ದರೆ ದಾರಿಯಿದೆ, ಯಜಮಾನರ ಒಪ್ಪಿಗೆ ಕೇಳಿಯೇ. ಹಿತ್ತಿಲ ಬಚ್ಚಲ ಮೋರಿಯ ಕೊನೆಗೆ ಬಾಳೆಯ ಗುಂಪು ಇಡುವುದು ನಮ್ಮಲ್ಲಿ ತಲೆಮಾರುಗಳ ರೂಢಿ. ಬಾಳೆ ಆ ನೀರನ್ನು ಕುಡಿದು ಗೊನೆ ಕೊಡುತ್ತದೆ. ಹಾಗೆಯೇ ಬಚ್ಚಲ ಟ್ಯಾಂಕಿನ ನೀರನ್ನು ಹಳೆಯ ಬಟ್ಟೆಯಲ್ಲಿ ಸೋಸಿ ತೆಂಗಿನ ಪಾತಿಗೆ ಕೊಡಬಹುದು. ಸೋಸಿದಾಗ ಉಳಿದ ಅಗಳು, ಎಲೆ ತಿಪ್ಪೆಗೆ. ಇವತ್ತು ಒಂದು ಮರಕ್ಕೆ ಹಾಕಿದರೆ ನಾಳೆ ಬೇರೊಂದಕ್ಕೆ, ಸೋಪಿನ ಉಪ್ಪು ಒಂದೇ ಬುಡದಲ್ಲಿ ಕೂರಬಾರದು. ಬಾವಿ, ಕೊಳವೆಬಾವಿಯಿಂದ ದೂರವಿರಲಿ. ಬ್ಲೀಚು, ಫಿನಾಯಿಲು ಬೆರೆತಿದ್ದರೆ ಗಿಡಕ್ಕೆ ಬೇಡ. ಮತ್ತೆ, ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಅನ್ನದ ಅಗಳು, ಎಣ್ಣೆ ಕೊಳೆತು ಕಕ್ಕಸಿನ ಟ್ಯಾಂಕಿಗಿಂತ ಕೆಟ್ಟ ವಾಸನೆ ಬರುತ್ತದೆ.

ಕಕ್ಕಸಿನ ಟ್ಯಾಂಕಿನ ವಿಷಯಕ್ಕೆ ಬಂದರೆ ಜನ ಮೂಗು ಮುಚ್ಚಿ ಮಾತು ಬದಲಿಸುತ್ತಾರೆ. ನಾನು ಬದಲಿಸುವುದಿಲ್ಲ, ಯಾಕೆಂದರೆ ನಾವು ಮೂಗು ಮುಚ್ಚಿಕೊಂಡ ಕಡೆಯಲ್ಲೆಲ್ಲ ಇನ್ನೊಬ್ಬರು ಕೈ ಹಾಕಬೇಕಾಗಿ ಬಂದಿದೆ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಈ ರಾಜ್ಯದಲ್ಲಿ ಹೆಜ್ಜೆ ಇಟ್ಟರು. 2013ರ ಕೇಂದ್ರ ಕಾಯ್ದೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಶೌಚಗುಂಡಿಗೆ, ಮ್ಯಾನ್‌ಹೋಲಿಗೆ ಇಳಿಸುವುದನ್ನು ಅಪರಾಧವೆಂದಿತು. ಆದರೂ ಗುಂಡಿಗಿಳಿದು ವಿಷಗಾಳಿಗೆ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಹೀಗಿರುವಾಗ ವಿಹಾರಕ್ಕೆ ಹೋದವರು ತಮ್ಮ ಟ್ಯಾಂಕನ್ನು ರಸ್ತೆಬದಿಯ ಚರಂಡಿಗೆ ಬಿಟ್ಟು ಬಂದರೆ, ನಾಳೆ ಆ ಚರಂಡಿ ಕಟ್ಟಿಕೊಂಡಾಗ ಸಲಿಕೆ ಹಿಡಿದು ನಿಲ್ಲುವವರು ಯಾರು? ಆ ಊರಿನ ಪೌರಕಾರ್ಮಿಕರು. ನಮ್ಮ ಟ್ಯಾಂಕನ್ನು ನಾವೇ ಖಾಲಿ ಮಾಡಬೇಕು, ಸರಿಯಾದ ಜಾಗಕ್ಕೆ.

ಸರಿಯಾದ ಜಾಗ ಎಂದರೆ ಮೊದಲನೆಯದು ಮನೆಯ ಸೆಪ್ಟಿಕ್ ಟ್ಯಾಂಕ್, ಯಜಮಾನರು ಒಪ್ಪಿದರೆ. ನಲವತ್ತು ಲೀಟರ್ ಅದಕ್ಕೆ ಭಾರವಲ್ಲ. ಆದರೆ ವಾಸನೆ ಕೊಲ್ಲಲೆಂದು ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಸುರಿದ ಟ್ಯಾಂಕಾದರೆ ಬೇಡ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವುದು ಬದುಕಿರುವ ಸೂಕ್ಷ್ಮಜೀವಿಗಳು. ಅವನ್ನು ಆ ಔಷಧ ಕೊಲ್ಲುತ್ತದೆ. ಎಂಜೈಮಿನ ದ್ರಾವಣಗಳು ಸಿಗುತ್ತವೆ, ಅವನ್ನೇ ಬಳಸಿ. ನಗರದಲ್ಲಾದರೆ ಒಳಚರಂಡಿ. ಹಾಗೆಂದು ಸಿಕ್ಕ ಮ್ಯಾನ್‌ಹೋಲಿನ ಮುಚ್ಚಳ ತೆಗೆಯುವಂತಿಲ್ಲ, ಪಾಲಿಕೆಯನ್ನು ಕೇಳಿ ಅವರು ತೋರಿಸಿದ ಕಡೆ. ಇಲ್ಲವೇ ಸಕ್ಕಿಂಗ್ ಯಂತ್ರದ ಗಾಡಿ. ಗುಂಡಿ ಶುದ್ಧಿಗೆ 14420 ಎಂಬ ಸರ್ಕಾರಿ ಸಹಾಯವಾಣಿಯಿದೆ. ಆ ಗಾಡಿ ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತದೆ ಎಂದೂ ಕೇಳಿ. 2015ರಲ್ಲಿ ದೇವನಹಳ್ಳಿಯಲ್ಲಿ ಪಟ್ಟಣದ ಶೌಚಗುಂಡಿಗಳ ಹೂಳಿಗೆಂದೇ ಸಂಸ್ಕರಣಾ ಘಟಕ ಶುರುವಾಯಿತು. ಹೂಳನ್ನು ಹದಮಾಡಿ ಒಣಗಿಸಿ ಗೊಬ್ಬರ ಮಾಡುತ್ತಾರೆ. ನಮ್ಮ ಜಿಲ್ಲೆಯ ಪ್ರತಿ ತಾಲ್ಲೂಕಿಗೂ ಅಂಥದೊಂದು ಬೇಕು. ಕ್ಯಾರವಾನಿಗಲ್ಲ, ಒಳಚರಂಡಿ ಕಾಣದ ಸಾವಿರಾರು ಮನೆಗಳಿಗೆ.

ಟ್ಯಾಂಕಿನೊಳಗೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಕೆಲವರು ಬೇಗ ಖಾಲಿಯಾಗಲಿ ಎಂದು ಸೆಪ್ಟಿಕ್ ಟ್ಯಾಂಕಿಗೆ ಪೈಪು ಜೋಡಿಸಿ ವಾಲ್ವನ್ನು ತೆರೆದೇ ಇಡುತ್ತಾರೆ. ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಎಷ್ಟು ನೀರು ಹೊಯ್ದರೂ ಅಲುಗುವುದಿಲ್ಲ. ವಾಲ್ವ್ ಮುಚ್ಚಿರಬೇಕು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ನೀರಿನ ರಭಸವೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಖಾಲಿಯಾದೊಡನೆ ಒಂದೆರಡು ಚೊಂಬು ನೀರು ಹಾಕಿ ತಳ ಒದ್ದೆಯಾಗಿಡಬೇಕು. ಹೊರದೇಶದ ಕೈಪಿಡಿಗಳು ಕಾಗದ ಬಳಸುವವರಿಗೆ ಬರೆದವು. ನಾವು ನೀರಿನವರು. ಅದರಿಂದ ನಮ್ಮ ಟ್ಯಾಂಕು ಅವರು ಹೇಳುವುದಕ್ಕಿಂತ ಬೇಗ ತುಂಬುತ್ತದೆ, ಆದರೆ ಒಳಗೆ ಗಟ್ಟಿಯಾಗಿ ಕೂರುವುದು ಕಡಿಮೆ. ಅವರು ನಾಲ್ಕು ದಿನ ಎಂದ ಕಡೆ ನೀವು ಎರಡೆಂದು ಹಿಡಿಯಿರಿ.

ವಾಸನೆಯ ಬಗ್ಗೆ ಒಂದು ಮಾತು. ಮಾರ್ಕೋನಹಳ್ಳಿ ಜಲಾಶಯ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಶಿಂಷಾ ನದಿಗೆ ಕುಣಿಗಲ್ ತಾಲ್ಲೂಕಿನಲ್ಲಿ ಕಟ್ಟಿದ ಆ ಅಣೆಕಟ್ಟೆಯ ಹೆಚ್ಚುಗಾರಿಕೆ ಅದರ ತಾನೇ ತೆರೆದುಕೊಳ್ಳುವ ಸೈಫನ್. ನೀರು ಒಂದು ಮಟ್ಟ ದಾಟಿದರೆ ಬಾಗಿದ ಕೊಳವೆ ತುಂಬಿ, ಗೇಟು ಎತ್ತುವವರಿಲ್ಲದೆಯೇ ಹೆಚ್ಚಿನ ನೀರನ್ನು ಎಳೆದು ಹೊರಹಾಕುತ್ತದೆ. ಮಟ್ಟ ಇಳಿದು ಕೊಳವೆಗೆ ಗಾಳಿ ಹೊಕ್ಕ ಕೂಡಲೇ ಎಳೆತ ತಾನೇ ಕಡಿದುಹೋಗುತ್ತದೆ. ಎಲ್ಲವೂ ಗಾಳಿಯ ಆಟ. ಕ್ಯಾರವಾನಿನ ಸಿಂಕಿನ ಕೆಳಗೂ ಒಂದು ಬಾಗಿದ ಕೊಳವೆಯಿದೆ. ಅದರಲ್ಲಿ ನಿಂತ ಒಂದು ಗುಟುಕು ನೀರೇ ಟ್ಯಾಂಕಿನ ಗಾಳಿಯನ್ನು ಒಳಬರದಂತೆ ತಡೆಯುವ ಬಾಗಿಲು. ಗಾಡಿಯ ಮಾಡಿನ ಮೇಲಿನ ಗಾಳಿಕೊಳವೆ ಕಟ್ಟಿದ್ದರೆ, ರಭಸದಿಂದ ಇಳಿಯುವ ನೀರು ಅಲ್ಲಿನ ಗುಟುಕನ್ನೂ ಸೈಫನ್ನಿನಂತೆ ಎಳೆದುಕೊಂಡು ಹೋಗುತ್ತದೆ. ಬಾಗಿಲು ತೆರೆದಂತಾಗಿ ವಾಸನೆ ಒಳಗೆ ಬರುತ್ತದೆ. ನಮ್ಮ ಗಾಡಿಯ ಗಾಳಿಕೊಳವೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ತೆಂಗಿನ ಕಡ್ಡಿಯಿಂದ ಅದನ್ನು ಬಿಡಿಸಿದ ದಿನವೇ ವಾಸನೆ ಹೋಯಿತು. ಸುಗಂಧದ ಡಬ್ಬಿಗಳಿಗೆ ಅದಕ್ಕೂ ಮೊದಲು ನಾನು ಸಾಕಷ್ಟು ದುಡ್ಡು ಹಾಕಿದ್ದೆ.

ಒಳ್ಳೆಯ ನೀರು ತುಂಬುವ ವಿಚಾರ ಇದಕ್ಕೆ ಹೋಲಿಸಿದರೆ ಸಲೀಸು. ಕುಡಿಯುವ ನೀರಿಗೆ ಹಳ್ಳಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿ 20 ಲೀಟರ್ ಕ್ಯಾನು ತುಂಬಿಸಿಕೊಳ್ಳಬಹುದು. ನಮ್ಮ ಜಿಲ್ಲೆಯ ಪಾವಗಡದಂಥ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಕಾಟವಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ, ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಮೈ ತೊಳೆಯಲು ಅಡ್ಡಿಯಿಲ್ಲ. ಗಾಡಿಯ ಟ್ಯಾಂಕನ್ನು ಪ್ರಯಾಣಕ್ಕೆ ಮೊದಲು ಶುದ್ಧಮಾಡಿ. ನೂರು ಲೀಟರ್ ನೀರಿಗೆ 5 ಶೇಕಡಾ ಕ್ಲೋರಿನ್ ಇರುವ, ಸುವಾಸನೆ ಬೆರೆಸದ ಬ್ಲೀಚ್ ದ್ರಾವಣ 100 ಮಿಲಿಲೀಟರ್. ಎಲ್ಲ ನಲ್ಲಿಯಿಂದಲೂ ಆ ವಾಸನೆ ಬರುವವರೆಗೆ ಹರಿಸಿ, ಕೆಲವು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವಷ್ಟು ಸಲ ಒಳ್ಳೆಯ ನೀರಿನಿಂದ ತೊಳೆಯಬೇಕು. ನೀರು ತುಂಬುವ ಪೈಪು, ಕಕ್ಕಸು ಟ್ಯಾಂಕು ತೊಳೆಯುವ ಪೈಪು ಯಾವತ್ತೂ ಒಂದೇ ಆಗಬಾರದು, ಒಂದೇ ಡಬ್ಬದಲ್ಲಿ ಇಡಲೂ ಬಾರದು.

ತೂಕವನ್ನೂ ಮರೆಯಬೇಡಿ. ಒಂದು ಲೀಟರ್ ಎಂದರೆ ಒಂದು ಕೆ.ಜಿ. ನೂರೈವತ್ತು ಲೀಟರ್ ತುಂಬಿಕೊಂಡು ದೇವರಾಯನದುರ್ಗದ ತಿರುವು ಹತ್ತುವುದೆಂದರೆ ಇಬ್ಬರು ದಪ್ಪ ಜನರನ್ನು ಹೆಚ್ಚಿಗೆ ಕೂರಿಸಿಕೊಂಡಂತೆ. ಅರ್ಧ ತುಂಬಿದ ಟ್ಯಾಂಕು ಇನ್ನೂ ಕೆಟ್ಟದ್ದು, ಪ್ರತಿ ತಿರುವಿನಲ್ಲೂ ನೀರು ಒಂದು ಪಕ್ಕಕ್ಕೆ ಅಪ್ಪಳಿಸಿ ಗಾಡಿಯನ್ನು ಎಳೆಯುತ್ತದೆ.

ಹೋದ ತಿಂಗಳು ಮತ್ತೆ ಅದೇ ತೋಟಕ್ಕೆ ಹೋಗಿದ್ದೆವು. ಈ ಸಲ ಮೂರು ರಾತ್ರಿ ಇದ್ದೆವು. ಚಿಕ್ಕಮಾವ ಹಿತ್ತಿಲಿನಲ್ಲಿ ಹೊಸದಾಗಿ ನಾಲ್ಕು ಬಾಳೆಕಂದು ನೆಟ್ಟಿದ್ದರು. ಅದರ ಪಕ್ಕ ಗಾಡಿ ನಿಲ್ಲಲು ಚಪ್ಪಡಿ ಹಾಸಿ, ಬಚ್ಚಲ ನೀರಿಗೆಂದು ಒಂದು ಸಣ್ಣ ಕಾಲುವೆ ತೋಡಿದ್ದರು. "ನಿಮಗೇ ಅಂತ ಮಾಡಿದ್ದೇನಲ್ಲ, ಬಾಳೆಗೂ ಬೇಕಿತ್ತು" ಎಂದರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಆ ವಾರ ರಾತ್ರಿ ಪಾಳಿ. ಒಂದೂವರೆ ಗಂಟೆಗೆ ಕಿಟಕಿ ಬಡಿದು ಎಬ್ಬಿಸಿದರು. ಟಾರ್ಚು ಹಿಡಿದು ಪೈಪನ್ನು ಟ್ಯಾಂಕಿನ ಬಾಯಿಗಿಟ್ಟೆ. ಮಗಳೂ ಎದ್ದು ಬಂದು ಗಾಡಿಯ ಪಕ್ಕೆಗೆ ಕಿವಿ ಆನಿಸಿ ನಿಂತಳು. ನಲ್ಲಿಯ ಮುಂದೆ ಬಿಂದಿಗೆ ಇಟ್ಟವರಿಗೆಲ್ಲ ಗೊತ್ತಿರುವ ಸದ್ದು ಅದು. ಮೊದಲು ದಪ್ಪಗೆ, ಟೊಳ್ಳಾಗಿ ಕೇಳುತ್ತದೆ. ನೀರು ಕಂಠಕ್ಕೆ ಬರುತ್ತಿದ್ದಂತೆ ಸಣ್ಣಗೆ, ಮೇಲುಮೇಲಕ್ಕೆ ಏರುತ್ತದೆ. "ಸಾಕಪ್ಪ, ನಿಲ್ಲಿಸು" ಎಂದಳು. ನಾನು ಪೈಪು ತೆಗೆದೆ. ಅವಳು ಟಾರ್ಚು ಇಸಿದುಕೊಂಡು ಗಾಡಿಯ ಇನ್ನೊಂದು ಮಗ್ಗುಲಿಗೆ ಹೋಗಿ, ಬಚ್ಚಲ ಟ್ಯಾಂಕು ಎಷ್ಟು ತುಂಬಿದೆಯೆಂದು ಬೆರಳಿನಿಂದ ತಟ್ಟಿ ನೋಡತೊಡಗಿದಳು.